ದುರಸ್ತಿಯಾದ ಹಳಿಯ ಮೇಲೂ ಸಂಶಯವೇಕೆ?

ಮಾನ್ಯರೇ,

ರೈಲು ಮಾರ್ಗಗಳ ನಿರ್ವಹಣೆಯನ್ನು ಕುರಿತ ನಮ್ಮ ಲೇಖನವನ್ನು ಓದಿ ನೀವು ಎರಡು ಪ್ರಶ್ನೆಗಳನ್ನು ಕೇಳಿದ್ದೀರಿ. ದುರಸ್ತಿ ಮುಗಿದ ಮೇಲೂ ಕೆಲವು ದಿನ ರೈಲುಗಳನ್ನು ನಿಧಾನವಾಗಿ ಓಡಿಸುವುದೇಕೆ? ಅನುಭವಸ್ಥ ಕೆಲಸಗಾರರಿರುವಾಗ ಇಷ್ಟೊಂದು ಮೆಮೊ, ಸಹಿ, ಪರೀಕ್ಷೆಗಳ ಗೋಜೇಕೆ? ನೋಡದೆಯೇ ಸಹಿ ಹಾಕುವವರ ಮೇಲೆ ಸಿಟ್ಟಾಗಿ, ಸಹಿಯೇ ಬೇಡವೆಂದೂ ಬರೆದಿದ್ದೀರಿ.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಹಳಿ ಪಕ್ಕಕ್ಕೆ ಸರಿಯದಂತೆ ತಡೆಯುವುದರಲ್ಲಿ ಸ್ಲೀಪರುಗಳ (ಹಳಿಯನ್ನು ಹೊತ್ತ ಅಡ್ಡಪಟ್ಟಿಗಳ) ಸುತ್ತ ಬಿಗಿಯಾಗಿ ಕೂತ ಜಲ್ಲಿಯ ಪಾಲು ದೊಡ್ಡದು. ಯಂತ್ರದಿಂದ ಪ್ಯಾಕಿಂಗ್ ಮಾಡಿದಾಗ, ಅಂದರೆ ಸ್ಲೀಪರುಗಳ ಕೆಳಗೆ ಜಲ್ಲಿಯನ್ನು ಒತ್ತಿ ತುಂಬಿದಾಗ, ಹಳಿಯ ಮಟ್ಟವೇನೋ ಸರಿಹೋಗುತ್ತದೆ, ಆದರೆ ಆ ಬಿಗಿ ಕದಡಿರುತ್ತದೆ. ಬಿಸಿಲಿಗೆ ಹಿಗ್ಗುವ ಉದ್ದನೆಯ ಬೆಸುಗೆ ಹಳಿ ಅಂಥ ಹೊತ್ತಿನಲ್ಲಿ ಬಾಗಿಬಿಡಬಹುದು. ರೈಲುಗಳ ಭಾರಕ್ಕೋ ಕಂಪನ ಯಂತ್ರದ ಒತ್ತಡಕ್ಕೋ ಜಲ್ಲಿ ಮತ್ತೆ ಅಮರಿ ಕೂರುವವರೆಗೆ ವೇಗಮಿತಿ ಇರಲೇಬೇಕು.

ಎರಡನೆಯ ಪ್ರಶ್ನೆಗೆ ಲಂಡನ್ನಿನ ಕ್ಲ್ಯಾಪಮ್ ಜಂಕ್ಷನ್ ಬಳಿಯ ದುರಂತವನ್ನು ನೆನೆಯಬೇಕು. 1988ರ ಡಿಸೆಂಬರ್ 12ರಂದು ಅಲ್ಲಿ ರೈಲುಗಳು ಡಿಕ್ಕಿಯಾಗಿ 35 ಮಂದಿ ಸತ್ತರು. ಹಳೆಯ ಸಿಗ್ನಲ್ ವ್ಯವಸ್ಥೆಯನ್ನು ಬದಲಿಸುವ ಕಾಮಗಾರಿ ಆಗ ನಡೆಯುತ್ತಿತ್ತು. ತಂತ್ರಜ್ಞರೊಬ್ಬರು ಹಳೆಯ ತಂತಿಯೊಂದನ್ನು ರಿಲೇಯ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚಿನ) ಕಡೆ ಬಿಚ್ಚಿ, ಫ್ಯೂಸಿನ ಕಡೆ ಹಾಗೆಯೇ ಬಿಟ್ಟಿದ್ದರು. ಬಿಚ್ಚಿದ ತುದಿಯನ್ನು ಕತ್ತರಿಸದೆ, ಸರಿಯಾಗಿ ಕಟ್ಟಿಯೂ ಇಡದೆ, ಪಕ್ಕಕ್ಕೆ ಸರಿಸಿದ್ದರು. ಎರಡು ವಾರ ಏನೂ ಆಗಲಿಲ್ಲ. ದುರಂತದ ಹಿಂದಿನ ದಿನ ಅದರ ಮಗ್ಗುಲಿನ ರಿಲೇಯನ್ನು ಬದಲಿಸುವಾಗ ತಂತಿ ಅಲುಗಿ ತನ್ನ ಹಳೆಯ ಜಾಗಕ್ಕೇ ಹೋಗಿ ತಾಗಿತು. ಆ ತಪ್ಪು ಸಂಪರ್ಕದಿಂದಾಗಿ ಮರುದಿನ ಮುಂದೆ ರೈಲಿದ್ದರೂ ಸಿಗ್ನಲ್ ಕೆಂಪಾಗಲಿಲ್ಲ.

ಆ ತಂತ್ರಜ್ಞರು ಹೊಸಬರಾಗಿರಲಿಲ್ಲ. ವರ್ಷಗಳಿಂದ ಅವರು ಕೆಲಸ ಮಾಡುತ್ತಿದ್ದ ರೀತಿಯೇ ಅದು, ಅದು ತಪ್ಪೆಂದು ಯಾರೂ ತಿದ್ದಿರಲಿಲ್ಲ. ತಂತಿಗಳನ್ನು ಇನ್ನೊಬ್ಬರು ಎಣಿಸಿ ನೋಡಿದ್ದರೆ ಆ ಒಂದು ಹೆಚ್ಚಿನ ತಂತಿ ಸಿಕ್ಕಿಬೀಳುತ್ತಿತ್ತು. ಆ ಎಣಿಕೆ ನಡೆಯಲೇ ಇಲ್ಲ. ಅಲ್ಲದೆ, ಹಿಂದಿನ 13 ವಾರಗಳಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ದಿನದ ರಜೆ ಎಂಬುದು ವಿಚಾರಣೆಯಲ್ಲಿ ಹೊರಬಿತ್ತು. ಎಚ್ಚರದಿಂದಿರಿ ಎಂದು ಅಂಥವರಿಗೆ ಹೇಳುವುದು ಸುಲಭ.

ಇದನ್ನು ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. ಒಡಿಶಾದ ಬಹನಾಗಾ ಬಜಾರಿನಲ್ಲಿ 2023ರ ಜೂನ್ 2ರಂದು ಕೋರಮಂಡಲ್ ಎಕ್ಸ್‌ಪ್ರೆಸ್ ಮುಖ್ಯ ಹಳಿ ಬಿಟ್ಟು ಪಕ್ಕದ ಲೂಪ್ ಲೈನಿಗೆ ನುಗ್ಗಿ, ನಿಂತಿದ್ದ ಗೂಡ್ಸ್ ರೈಲಿಗೆ ಗುದ್ದಿತು. ಹಿಂದೆ ಸಿಗ್ನಲ್ ಸರ್ಕ್ಯೂಟಿನಲ್ಲಿ ಮಾಡಿದ್ದ ಬದಲಾವಣೆಯ ಲೋಪ ಮತ್ತು ಲೆವೆಲ್ ಕ್ರಾಸಿಂಗ್ ಗೇಟಿಗೆ ಸಂಬಂಧಿಸಿದ ಕೆಲಸದ ಲೋಪಗಳೇ ಕಾರಣವೆಂದು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಕಂಡುಕೊಂಡಿತು.

ಆದ್ದರಿಂದ, ಬಿಚ್ಚಿದ ಸಿಗ್ನಲ್ಲನ್ನು ಮತ್ತೆ ಜೋಡಿಸಿ ಒಪ್ಪಿಸುವಾಗ ಹಾಕುವ ಸಹಿಗೆ, ನಿಲ್ದಾಣದ ನಿಯಂತ್ರಣ ಪ್ಯಾನೆಲ್ಲಿನಲ್ಲಿ ಕಾಣುವ ಪಾಯಿಂಟ್ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ) ಹಳಿಯ ಮೇಲೂ ಹಾಗೆಯೇ ಇದೆಯೆಂದು ನೋಡಿದ್ದೇವೆ ಎಂಬ ಅರ್ಥವಿರಬೇಕು. ನೋಡದೆಯೇ ಹಾಕಿದ ಸಹಿಯ ಬಗ್ಗೆ ನಿಮಗಿರುವ ಸಿಟ್ಟು ನ್ಯಾಯವಾದದ್ದು. ಸಹಿಯೇ ಬೇಡವೆಂಬ ಮಾತನ್ನು ಮಾತ್ರ ಒಪ್ಪಲಾರೆವು. ಇನ್ನು, ನಮ್ಮ ಲೇಖನದಲ್ಲಿ ಕೆಲಸಗಾರರ ದುಡಿಮೆಯ ಅವಧಿ ಮತ್ತು ವಿಶ್ರಾಂತಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಕೊರತೆ ನಮ್ಮದು.

— ಸಂ.