ಸಂಪಾದಕರ ಉತ್ತರ: ಹೊಸ ಅಧ್ಯಕ್ಷೆ ಮೊದಲು ಏನು ಕಲಿಯಬೇಕು?

ಗದಗ ತಾಲ್ಲೂಕಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಊರಿನ ಮಹಿಳಾ ಹಾಲು ಉತ್ಪಾದಕರ ಸಂಘಕ್ಕೆ ಅವರು ಈಚೆಗಷ್ಟೇ ಅಧ್ಯಕ್ಷೆ ಆಗಿದ್ದಾರೆ. ಸಭೆಯಲ್ಲಿ ಬಾಯಿ ತೆರೆದರೆ ಹಿರಿಯರು “ನೀ ಇನ್ನೂ ಸಣ್ಣಾಕಿ, ಸುಮ್ಕಿರು” ಅನ್ನುತ್ತಾರಂತೆ. ಕಾರ್ಯದರ್ಶಿ ಎಲ್ಲ ಬರೆದು ತರುತ್ತಾರೆ, ಇವರು ಸಹಿ ಹಾಕುತ್ತಾರೆ. “ಹುಬ್ಬಳ್ಳಿಯಲ್ಲಿ ಭಾಷಣ ಕಲಿಸುವ ಕ್ಲಾಸ್ ಇದೆ. ಸೇರಿದರೆ ನಾನು ಒಳ್ಳೆ ನಾಯಕಿ ಆಗಬಹುದಾ?” ಎಂಬುದು ಅವರ ಪ್ರಶ್ನೆ.

ಪ್ರೀತಿಯ ಸಹೋದರಿ,

ಆ ಕ್ಲಾಸಿಗೆ ಈಗಲೇ ದುಡ್ಡು ಕಟ್ಟಬೇಡಿ. ನಿಮಗೆ ಮಾತು ಬರುವುದಿಲ್ಲ ಅಂತ ನಿಮ್ಮ ಪತ್ರ ಓದಿದ ಯಾರಿಗೂ ಅನಿಸುವುದಿಲ್ಲ. ಕೊನೆಯಲ್ಲಿ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ: “ಫ್ಯಾಟ್ ಕಡಿಮೆ ಬಂತು ಅಂತ ದಿನಾ ಜಗಳ.” ಫ್ಯಾಟ್ ಅಂದರೆ ಹಾಲಿನ ಜಿಡ್ಡು, ಅದನ್ನು ನೋಡಿಯೇ ತಾನೆ ಹಾಲಿಗೆ ದರ ಕೊಡುವುದು. ನನ್ನ ಪ್ರಕಾರ ನಿಮ್ಮ ಕಲಿಕೆ ಶುರುವಾಗಬೇಕಾದದ್ದು ಆ ಜಗಳದಿಂದ.

ಒಂದು ವಾರ ಬೆಳಿಗ್ಗೆ, ಸಂಜೆ ಡೇರಿಯಲ್ಲಿ ಹಾಲು ಹಾಕಿಸಿಕೊಳ್ಳುವ ಹೊತ್ತಿಗೆ ಹೋಗಿ ನಿಲ್ಲಿ. ಟೆಸ್ಟರ್ ಸ್ಯಾಂಪಲ್ ಹೇಗೆ ತೆಗೆಯುತ್ತಾರೆ ನೋಡಿ. ಕೆನೆ ಮೇಲಕ್ಕೆ ಬರುತ್ತದೆ ಅಲ್ವಾ? ಹಾಲನ್ನು ಚೆನ್ನಾಗಿ ಕಲಕದೆ ಸ್ಯಾಂಪಲ್ ತೆಗೆದರೆ ಫ್ಯಾಟ್ ತಪ್ಪು ಬರುತ್ತದೆ. ಅದು ಸಂಘದ ಕಡೆಯ ತಪ್ಪು, ಅಲ್ಲೇ ತಿದ್ದಬೇಕು. ಆದರೆ ಇನ್ನೊಂದು ಕಾರಣವೂ ಇರಬಹುದು. ಹಿಂಡುವಾಗ ಮೊದಲು ಬರುವ ಹಾಲಿನಲ್ಲಿ ಜಿಡ್ಡು ಕಡಿಮೆ, ಕೊನೆಗೆ ಬರುವುದರಲ್ಲಿ ಜಾಸ್ತಿ. ಮೊದಲ ಹಾಲನ್ನು ಡೇರಿಗೆ ತಂದು ಕೊನೆಯದನ್ನು ಕರುವಿಗೆ ಬಿಟ್ಟರೆ ಫ್ಯಾಟ್ ಇಳಿಯುತ್ತದೆ. ಅಲ್ಲಿ ಟೆಸ್ಟರ್ ಮೋಸ ಮಾಡಿಲ್ಲ, ಹಾಲು ತಂದ ಅವ್ವನೂ ನೀರು ಬೆರೆಸಿಲ್ಲ. ಇಬ್ಬರೂ ಪ್ರಾಮಾಣಿಕರು, ಆದರೂ ದಿನಾ ಕಿತ್ತಾಟ. ಇದನ್ನು ಬಿಡಿಸಿ ಹೇಳುವವರು ಒಬ್ಬರು ಬೇಕು. ಆ ಒಬ್ಬರು ನೀವಾಗಬೇಕು.

ಮುಂದಿನ ಸಲ ಜಗಳ ಬಂದಾಗ ಯಾರ ಪರವಾಗಿಯೂ ಮಾತಾಡಬೇಡಿ. ದೂರು ಕೊಟ್ಟವರ ಎದುರಿಗೇ ಹಾಲು ಕಲಕಿಸಿ, ಇನ್ನೊಂದು ಸಲ ಟೆಸ್ಟ್ ಮಾಡಿಸಿ, ಅಂಕಿ ಎಷ್ಟು ಬಂತು ಅಂತ ಅವರಿಗೇ ತೋರಿಸಿ. ಕಡಿಮೆಯೇ ಬಂದರೆ ಮನೆಯಲ್ಲಿ ಹೇಗೆ ಹಿಂಡುತ್ತಾರೆ ಅಂತ ಸಮಾಧಾನದಿಂದ ಕೇಳಿ. ಹಾಲಿನ ಲೆಕ್ಕ ಗೊತ್ತಿರುವವಳಿಗೆ “ಸಣ್ಣಾಕಿ” ಅನ್ನುವುದು ಅಷ್ಟು ಸುಲಭ ಅಲ್ಲ.

ನಿಮ್ಮದೇ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಶುರುವಾಯಿತು. ಏಷ್ಯಾದಲ್ಲೇ ಮೊದಲನೆಯದು ಅಂತ ಅದಕ್ಕೆ ಹೆಸರು. ಕಟ್ಟಿದವರು ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು. ಆ ಹೆಮ್ಮೆ ನಮಗೆಲ್ಲ ಇದೆ. ಆದರೆ ಆಗಿನ ಸಂಘಗಳ ಒಂದು ನಿಯಮವನ್ನು ನಾವು ಮರೆತಂತಿದೆ. 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆಯ ಪ್ರಕಾರ ಹಳ್ಳಿಯ ಸಂಘದ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಎಲ್ಲರೂ ಸೇರಿ ತುಂಬಬೇಕು. ಹಾಗಾಗಿ ಸಾಲ ಯಾರಿಗೆ ಹೋಯಿತು, ಯಾಕೆ ಹೋಯಿತು ಅಂತ ಕೇಳುವುದು ಯಾರಿಗೂ ಅಧಿಕಪ್ರಸಂಗ ಆಗಿರಲಿಲ್ಲ, ಕೇಳದಿದ್ದರೆ ತಮ್ಮ ಮನೆಗೇ ಕುತ್ತು. ನಿಮ್ಮ ಸಂಘದಲ್ಲಿ ಈಗ ಅಂಥ ನಿಯಮ ಇಲ್ಲ. ಆದರೂ ಸದಸ್ಯರು ಹಾಗೆ ಕೇಳುವಂತೆ ಮಾಡಬೇಕಾದವರು ನೀವು.

ಈಗ ಸಹಿಯ ವಿಷಯ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಓದದೆ ಒಂದು ಕಾಗದಕ್ಕೂ ಸಹಿ ಹಾಕಬೇಡಿ. ಕಾರ್ಯದರ್ಶಿಯ ಮೇಲೆ ಅನುಮಾನ ಪಡಿ ಅಂತ ಅಲ್ಲ. ನಾಳೆ ಲೆಕ್ಕಪರಿಶೋಧನೆಯಲ್ಲಿ ಏನಾದರೂ ಎದ್ದರೆ ನಿಮ್ಮನ್ನೂ ಕೇಳುತ್ತಾರೆ. ತಿಂಗಳಿಗೆ ಎಷ್ಟು ಲೀಟರ್ ಹಾಲು ಬಂತು, ಹಾಲು ಒಕ್ಕೂಟಕ್ಕೆ ಎಷ್ಟು ಹೋಯಿತು, ಊರಲ್ಲೇ ಎಷ್ಟು ಮಾರಾಟ ಆಯಿತು, ಪಶು ಆಹಾರದ ಬಾಕಿ ಯಾರದು ಎಷ್ಟು, ಇಷ್ಟನ್ನು ಕಾರ್ಯದರ್ಶಿಯ ಪಕ್ಕ ಕುಳಿತು ತಿಳಿದುಕೊಳ್ಳಿ. ಒಳ್ಳೆ ಕಾರ್ಯದರ್ಶಿಗೆ ಇದರಿಂದ ಖುಷಿಯೇ ಆಗುತ್ತದೆ, ಇಷ್ಟು ದಿನ ಒಬ್ಬರೇ ಹೊತ್ತ ಭಾರ ಅದು.

ಸಭೆಯಲ್ಲಿ ಹಿಂದಿನ ನಡಾವಳಿ ಓದಿಸದೆ ಹೊಸ ವಿಷಯ ಎತ್ತಬೇಡಿ. ಹೋದ ತಿಂಗಳು ಯಾವ ಠರಾವು ಆಯಿತು, ಯಾರು ಮಾಡುತ್ತೇನೆ ಅಂದರು, ಮಾಡಿದರಾ? ಈ ಮೂರು ಪ್ರಶ್ನೆ ಕೇಳುವುದಕ್ಕೆ ಭಾಷಣ ಕಲೆ ಏನೂ ಬೇಡ.

ಹಿರಿಯರ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡಿ. ಸಭೆಯ ಹಿಂದಿನ ದಿನ ಅವರ ಮನೆಗೆ ಹೋಗಿ, “ಅತ್ತೀ, ನಾಳೆ ಇದೊಂದು ವಿಷಯ ಅದ. ನಿಮಗೇನ ಅನಸ್ತದ?” ಅಂತ ಕೇಳಿ. ಅವರು ಹೇಳಿದ್ದರಲ್ಲಿ ಹುರುಳಿದ್ದರೆ ಸಭೆಯಲ್ಲಿ ಅವರ ಹೆಸರು ಹೇಳಿಯೇ ಮುಂದಿಡಿ. ಒಪ್ಪಿಗೆ ಆಗದಿದ್ದರೆ ಯಾಕೆ ಅಂತ ಮನೆಯಲ್ಲೇ ಹೇಳಿಬಿಡಿ. ನಾಲ್ಕು ಜನರ ಮುಂದೆ ಸೋಲುವುದು ಯಾರಿಗೂ ಇಷ್ಟ ಆಗುವುದಿಲ್ಲ. ಹಾಗೆಯೇ ಬಾಗಿಲ ಬಳಿ ಕೂತು ಮಾತೇ ಆಡದವರು ಇರುತ್ತಾರಲ್ಲ, ಒಂದೇ ಎಮ್ಮೆ ಕಟ್ಟಿಕೊಂಡವರು, ಅವರನ್ನು ಹೆಸರು ಹಿಡಿದು ಮೊದಲು ಕೇಳಿ. ದೊಡ್ಡವರು ಮಾತಾಡಿದ ಮೇಲೆ ಅವರು ಬಾಯಿ ಬಿಡುವುದಿಲ್ಲ. ಹಾಲಿನ ದುಡ್ಡು ಎರಡು ದಿನ ತಡವಾದರೆ ಯಾರ ಮನೆಯಲ್ಲಿ ಸಂತೆ ತಪ್ಪುತ್ತದೆ ಅನ್ನುವುದು ನಿಮಗೆ ಅವರಿಂದಲೇ ಗೊತ್ತಾಗಬೇಕು.

ತರಬೇತಿ ಬೇಕೇ ಬೇಕು ಅನಿಸಿದರೆ ಹಾಲು ಒಕ್ಕೂಟದ ವಿಸ್ತರಣಾಧಿಕಾರಿ ನಿಮ್ಮ ಸಂಘಕ್ಕೆ ಬಂದಾಗ ಕೇಳಿ. ಆಡಳಿತ ಮಂಡಳಿಯವರಿಗೆ ಯಾವ ತರಬೇತಿ ಇದೆ, ಯಾವಾಗ ಇದೆ ಅಂತ ಅವರು ಹೇಳುತ್ತಾರೆ. ಹೋಗುವಾಗ ಒಬ್ಬರೇ ಹೋಗಬೇಡಿ. ಲೆಕ್ಕ ಓದಲು ಬರುವ ಇನ್ನೊಬ್ಬ ನಿರ್ದೇಶಕಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ವಾಪಸ್ ಬಂದ ಮೇಲೆ ಒಂದು ತಿಂಗಳ ಸಭೆಯನ್ನು ಅವರ ಕೈಗೇ ಕೊಟ್ಟು ನೋಡಿ.

- ಸಂ.