ಗಲ್ಲಿ ಮೂಲೆಯ ಕಸದ ಗುಡ್ಡೆ ದಿನಾ ಎತ್ತಿದರೂ ಮತ್ತೆ ಬೀಳುತ್ತದೆ, ಏನು ಮಾಡಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಬೆಳಗಾವಿಯ ಹಳೇ ಭಾಗದ ಗಲ್ಲಿ. ಮೂಲೆಯಲ್ಲಿದ್ದ ಕಸದ ಕಂಟೇನರ್ ತೆಗೆದಿದ್ದಾರೆ. ಮನೆ ಬಾಗಿಲಿಗೆ ಗಾಡಿ ಬರುತ್ತದೆ. ಪೌರಕಾರ್ಮಿಕರು ಮುಂಜಾನೆ ಗುಡ್ಡೆ ಎತ್ತುತ್ತಾರೆ, ಸಂಜೆಯಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಗುಡ್ಡೆ. ಹೇಳಲು ಹೋದರೆ ಜಗಳ. ನಮ್ಮ ಜನಕ್ಕೆ ಯಾವಾಗ ಬುದ್ಧಿ ಬರುತ್ತದೆ ಎಂದು ಕೇಳಿದ್ದೀರಿ.

ಬುದ್ಧಿಯ ಮಾತು ಆಮೇಲೆ, ಮೊದಲು ಒಂದು ಲೆಕ್ಕ ಹಾಕಿ. ಐದು ಜನರ ಮನೆಯಿಂದ ದಿನಕ್ಕೆ ಸುಮಾರು 2 ಕೆಜಿ ಕಸ ಬರುತ್ತದೆ. ಗಲ್ಲಿಯಲ್ಲಿ 60 ಮನೆ ಇದ್ದರೆ 120 ಕೆಜಿ. ಮೂಲೆಯಲ್ಲಿ ಬೀಳುವುದು ಅಷ್ಟಲ್ಲ. ಎರಡು ಬುಟ್ಟಿ ತುಂಬಿದರೆ 15–20 ಕೆಜಿ ಆಯಿತು, ಅಂದರೆ ಎಂಟು–ಹತ್ತು ಮನೆಯ ಕಸ, ಇಲ್ಲವೇ ನಾಲ್ಕು ಮನೆ ಮತ್ತು ಎರಡು ಅಂಗಡಿಯದು. ಉಳಿದ ಐವತ್ತು ಮನೆಯವರು ಸದ್ದಿಲ್ಲದೆ ಗಾಡಿಗೆ ಕೊಡುತ್ತಿದ್ದಾರೆ. ಹಾಗಾಗಿ ಇಡೀ ಗಲ್ಲಿಯ ಸಭೆ ಕರೆದು ಸ್ವಚ್ಛತೆಯ ಭಾಷಣ ಮಾಡಿದರೆ ಅದನ್ನು ಕೇಳಲು ಬರುವವರು ಈ ಐವತ್ತು ಮನೆಯವರೇ. ನಿಮಗೆ ಬೇಕಾದವರು ಆ ಹತ್ತು ಮನೆ. ಅವರಲ್ಲಿ ಹೆಚ್ಚಿನವರು ಕಸ ಒಗೆಯುವುದು ಸೊಕ್ಕಿನಿಂದಲ್ಲ, ಗಾಡಿಯ ಹೊತ್ತಿಗೂ ಅವರ ದಿನಚರಿಗೂ ಹೊಂದದೇ ಇರುವುದರಿಂದ.

ಇದನ್ನು ಖಚಿತ ಮಾಡಿಕೊಳ್ಳಲು ಒಂದು ವಾರ ಸುಮ್ಮನೆ ನೋಡಿ, ಯಾರಿಗೂ ಏನೂ ಹೇಳಬೇಡಿ. ಸಾಮಾನ್ಯವಾಗಿ ಕಸ ಬೀಳುವುದು ಮೂರು ಹೊತ್ತು: ಮುಂಜಾನೆ 6ರಿಂದ 8, ಅಂಗಡಿ ತೆರೆದ ಮೇಲೆ 10–11, ಮತ್ತು ರಾತ್ರಿ ಊಟವಾದ ಮೇಲೆ 9ರಿಂದ 11. ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ನಾಲ್ಕೈದು ಚೀಲ ಬಿಚ್ಚಿ ನೋಡಿ. ಬಿಸ್ಕಿಟ್ ರಟ್ಟು ಮತ್ತು ಥರ್ಮಾಕೋಲ್ ಇದ್ದರೆ ಅಂಗಡಿ. ಪಾರ್ಸಲ್ ಡಬ್ಬಿ, ನೂಡಲ್ಸ್ ಪಾಕೀಟೇ ತುಂಬಿದ್ದರೆ ಬಾಡಿಗೆ ಕೋಣೆಯ ಹುಡುಗರು. ಒಂದೇ ಚೀಲದಲ್ಲಿ ಡೈಪರ್, ಮುಸುರಿ, ಕಾಯಿಪಲ್ಲೆ ಸಿಪ್ಪೆ ಎಲ್ಲ ಸೇರಿದ್ದರೆ ಗಂಡ ಹೆಂಡತಿ ಇಬ್ಬರೂ ಬೇಗ ಕೆಲಸಕ್ಕೆ ಹೋಗುವ ಮನೆ ಇರಬಹುದು. ಬಿಗಿಯಾಗಿ ಗಂಟು ಹಾಕಿದ ಚೀಲ ಗಲ್ಲಿಯ ರಸ್ತೆ ಕಡೆಯ ಅಂಚಿನಲ್ಲೇ ಬಿದ್ದಿದ್ದರೆ ಅದು ಬೈಕಿನ ಮೇಲೆ ಹೋಗುವವರು ಒಗೆದದ್ದು. ಅವರು ನಿಮ್ಮ ಗಲ್ಲಿಯವರೇ ಅಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಪರಿಹಾರ ಬೇಕು.

ಮನೆಗಳ ವಿಷಯ ಹೆಚ್ಚು ಸುಲಭ. ಹೋಗಿ ಮಾತಾಡುವಾಗ "ಯಾಕ ಒಗೀತೀರಿ" ಎಂದು ಶುರು ಮಾಡಿದರೆ ಅಲ್ಲಿಗೇ ಮುಗಿಯಿತು. "ಅಕ್ಕಾರ, ಗಾಡಿ ಬರೂ ಹೊತ್ತಿನ್ಯಾಗ ಮನ್ಯಾಗ ಯಾರರೆ ಇರ್ತಾರೇನ್ರಿ?" ಎಂದು ಕೇಳಿ. ಇಲ್ಲ ಎಂದರೆ ದಾರಿ ಎರಡು. ಮೊದಲನೆಯದು, ಪಕ್ಕದ ಮನೆಯವರು ಗಾಡಿಗೆ ಕೊಡುವಂತೆ ಜೋಡಿ ಮಾಡುವುದು: ಮುಚ್ಚಳದ ಬಕೀಟನ್ನು ಕಟ್ಟೆಯ ಮೇಲೆ ನಾಯಿಗೆ ನಿಲುಕದಂತೆ ಇಟ್ಟು ಹೋದರೆ ಅವರು ಸುರಿದು ಖಾಲಿ ಬಕೀಟು ಅಲ್ಲೇ ಇಡುತ್ತಾರೆ. ಎರಡನೆಯದು, ಗಾಡಿಯ ಸಮಯವನ್ನೇ ಅರ್ಧ ತಾಸು ಹಿಂದೆ ಮುಂದೆ ಮಾಡಿಸುವುದು. ಇದಕ್ಕೆ ಅರ್ಜಿಗಿಂತ ಮೊದಲು ಮುಕಾದಮರನ್ನು (ಪೌರಕಾರ್ಮಿಕರ ಮೇಸ್ತ್ರಿ) ಮತ್ತು ಗಾಡಿ ಚಾಲಕರನ್ನು ನೇರವಾಗಿ ಕೇಳಿ. ನಿಮ್ಮ ಗಲ್ಲಿ ಅವರ ಸುತ್ತಿನಲ್ಲಿ ಮೊದಲು ಬರುತ್ತದೋ ಕೊನೆಗೋ ತಿಳಿದರೆ ಅದಲು ಬದಲು ಮಾಡಲು ಸಾಧ್ಯವೇ ಎಂಬುದು ಅಲ್ಲೇ ಗೊತ್ತಾಗುತ್ತದೆ.

"ಹಸಿ ಕಸ ರಾತ್ರಿ ಇಟ್ಟರೆ ನಾರುತ್ತದೆ" ಎಂಬ ಮಾತು ಖಂಡಿತ ಬರುತ್ತದೆ, ಮತ್ತು ಅದು ನಿಜ. ಆದರೆ ನಾರುವುದಕ್ಕೆ ಕಾರಣ ಅದರಲ್ಲಿರುವ ನೀರು. ಮುಸುರಿಯನ್ನು ಜಾಳಿಗೆಯಲ್ಲಿ ಹತ್ತು ನಿಮಿಷ ಸೋಸಿ, ಬಕೀಟಿನ ತಳಕ್ಕೆ ಹಳೇ ಪೇಪರ್ ಹಾಸಿ, ಮೇಲೆ ಒಂದು ಹಿಡಿ ಒಣ ಎಲೆಯೋ ಕಟ್ಟಿಗೆ ಪುಡಿಯೋ ಹಾಕಿ ಮುಚ್ಚಿದರೆ ಒಂದು ದಿನ ತೊಂದರೆಯಿಲ್ಲ. ಹಿತ್ತಲಿದ್ದವರು ಗೊಬ್ಬರವನ್ನೇ ಮಾಡಬಹುದು: ಹಸಿ ಕಸದಷ್ಟೇ ಪ್ರಮಾಣದ ಒಣ ಎಲೆ ಅಥವಾ ಕಬ್ಬಿನ ರವದಿ (ಒಣ ಗರಿ) ಚೂರು, ಆರಂಭಕ್ಕೆ ಸ್ವಲ್ಪ ಸಗಣಿ ಅಥವಾ ಹುಳಿ ಮಜ್ಜಿಗೆ, ನಾಲ್ಕೈದು ದಿನಕ್ಕೊಮ್ಮೆ ತಿರುವುವುದು. ಎರಡು ತಿಂಗಳು ಹಿಡಿಯುತ್ತದೆ. ವಾಸನೆ ಬಂದರೆ ನೀರು ಹೆಚ್ಚಾಗಿದೆ ಎಂದು ತಿಳಿದು ಒಣ ಪದಾರ್ಥ ಸೇರಿಸಬೇಕು. ಮನೆಯ ಕಸದಲ್ಲಿ ತೂಕದ ಲೆಕ್ಕಕ್ಕೆ ಹಸಿಯದೇ ದೊಡ್ಡ ಪಾಲು, ಅದು ಬೇರೆಯಾದರೆ ಉಳಿದ ಒಣ ಕಸವನ್ನು ವಾರದವರೆಗೂ ಇಡಬಹುದು.

ಬೇರ್ಪಡಿಸಿ ಕೊಡುವುದು ಕೇವಲ ಸೌಜನ್ಯವಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಅದನ್ನು ಮನೆಯವರ ಹೊಣೆ ಎಂದು ಬರೆದರು: ಹಸಿ, ಒಣ, ಅಪಾಯಕಾರಿ ಮೂರೂ ಬೇರೆ, ಪ್ಯಾಡ್ ಮತ್ತು ಡೈಪರ್ ಸುತ್ತಿ ಕೊಡಬೇಕು, ರಸ್ತೆಯಲ್ಲಿ, ಗಟಾರದಲ್ಲಿ ಒಗೆಯಬಾರದು, ಸುಡಬಾರದು, ಹುಗಿಯಬಾರದು. ನೀವು ಬೆರೆಸಿ ಕೊಟ್ಟದ್ದನ್ನು ಯಾರೋ ಒಬ್ಬ ಅಕ್ಕ ಬರಿಗೈಯಿಂದ ಬಿಡಿಸುತ್ತಾಳೆ, ಒಡೆದ ಗಾಜು ಮತ್ತು ಬ್ಲೇಡು ತಾಗುವುದು ಆ ಕೈಗೆ. ಆಕೆಯೂ ಬಿಡಿಸದಿದ್ದರೆ ಅದು ತುರಮುರಿಯ ಕಸ ಸಂಸ್ಕರಣಾ ಘಟಕಕ್ಕೆ ಹಾಗೇ ಹೋಗುತ್ತದೆ. ಅಲ್ಲಿ ಒದ್ದೆಯಾದ ರಟ್ಟು ಯಾರಿಗೂ ಬೇಡ, ಪ್ಲಾಸ್ಟಿಕ್ ಬೆರೆತ ಹಸಿ ಕಸದಿಂದ ಒಳ್ಳೆಯ ಗೊಬ್ಬರವೂ ಆಗದು. ಗಟಾರಕ್ಕೆ ಒಗೆದರೆ ಇನ್ನೂ ಕೆಟ್ಟದ್ದು. ಊರಿನ ದಕ್ಷಿಣ ಭಾಗದ ನೀರು ಬಳ್ಳಾರಿ ನಾಲೆ ಎಂಬ ಹಳ್ಳಕ್ಕೆ ಸೇರುತ್ತದೆ, ಮಳೆಗಾಲದಲ್ಲಿ ಅದು ಉಕ್ಕಿ ಶಹಾಪುರ, ವಡಗಾವಿ ಕಡೆಯ ಭತ್ತದ ಗದ್ದೆಗೆ ನುಗ್ಗುತ್ತದೆ. ಗಲ್ಲಿಯಲ್ಲಿ ಒಗೆದ ಚೀಲವನ್ನು ಗದ್ದೆಯಿಂದ ಆರಿಸಬೇಕಾದವನು ರೈತ. ಇದನ್ನು ಜನರಿಗೆ ಹೇಳಿ, ಅವರಲ್ಲಿ ಹಲವರ ಸಂಬಂಧಿಕರ ಹೊಲ ಆ ಶಿವಾರದಲ್ಲೇ ಇರುತ್ತದೆ.

ಈಗ ಜಾಗದ ಕೆಲಸ. ಗುಡ್ಡೆ ಎತ್ತಿದ ಮೇಲೂ ನೆಲದಲ್ಲಿ ಕಪ್ಪು ಕಲೆ, ಚಿಂದಿ, ರಾಡಿ ಉಳಿದರೆ ಅದು ಇನ್ನೂ ಕಸದ ಜಾಗವೇ, ಮೊದಲ ಚೀಲ ಅಲ್ಲೇ ಬೀಳುತ್ತದೆ. ಹಾರೆ, ಸಲಿಕೆಯಿಂದ ಎರಡು ಮೂರು ಇಂಚು ಮೇಲ್ಮಣ್ಣು ಕೆರೆದು ತೆಗೆಯಿರಿ, ಸುಣ್ಣ ಎರಚಿ, ತಗ್ಗಿದ್ದರೆ ಖಡಿ ತುಂಬಿ ದಮ್ಮಸು ಮಾಡಿ ಅಥವಾ ಫರಸಿ ಹಾಸಿ. ಬ್ಲೀಚಿಂಗ್ ಪೌಡರ್ ಹಾಕುವುದಾದರೆ ಅದರ ಜೊತೆ ಸಂಡಾಸು ತೊಳೆಯುವ ಆಸಿಡ್ ಬೆರೆಸಲೇಬೇಡಿ, ಬರುವ ಕ್ಲೋರಿನ್ ಗಾಳಿ ಪುಪ್ಪುಸಕ್ಕೆ ಅಪಾಯ. ಪಕ್ಕದಲ್ಲಿ ಬಿದ್ದಿರುವ ಇಟ್ಟಂಗಿ ಚೂರು, ಉಸುಕಿನ ಗುಡ್ಡೆ ಹೋಗಲೇಬೇಕು, ಏಕೆಂದರೆ ಕಸ ಅದರ ಮರೆಗೇ ಬೀಳುತ್ತದೆ. ಬೀದಿ ದೀಪ ಉರಿಯದಿದ್ದರೆ ಅದನ್ನು ಸರಿ ಮಾಡಿಸುವ ತನಕ ಈ ಕೆಲಸ ಶುರುವೇ ಮಾಡಬೇಡಿ. ಖಾಲಿಯಾದ ಜಾಗದಲ್ಲಿ ಹೂಕುಂಡ ಇಡುವ ರೂಢಿ ಇದೆ, ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ನೀರು ಹಾಕುವವರು ಕೈಬಿಟ್ಟರೆ ಹದಿನೈದು ದಿನದಲ್ಲಿ ಆ ಕುಂಡವೇ ಕಸದ ಡಬ್ಬಿ. ಕಲ್ಲಿನ ಬೆಂಚು ಅಥವಾ ಕಾಯಿಪಲ್ಲೆ ಗಾಡಿಯವರಿಗೆ ನಿಲ್ಲುವ ಜಾಗ ಮೇಲು: ಮನುಷ್ಯರು ಕೂರುವ ನಿಲ್ಲುವ ಕಡೆ ಒಗೆಯಲು ಕೈ ಬರುವುದಿಲ್ಲ.

ಸ್ವಚ್ಛ ಮಾಡಿದ ದಿನ ಸಂಜೆಯಿಂದಲೇ ಕಾವಲು ಬೇಕು. ಹೆಚ್ಚಿನ ಪ್ರಯತ್ನಗಳು ಸೋಲುವುದು ಇಲ್ಲಿ. ಭಾನುವಾರ ಇಪ್ಪತ್ತು ಜನ ಸೇರಿ ಗುಡಿಸಿ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ, ಸೋಮವಾರ ಯಾರೂ ಇರುವುದಿಲ್ಲ. ಗುಡಿಸಲು ಐದು ಜನ ಸಾಕು, ಮುಂದಿನ ಮೂರು–ನಾಲ್ಕು ವಾರಕ್ಕೆ ದಿನಕ್ಕೆ ನಾಲ್ಕು ಜನ ಬೇಕು: ಮುಂಜಾನೆ ಇಬ್ಬರು, ರಾತ್ರಿ ಇಬ್ಬರು. ಗಲ್ಲಿಯ ಪಂಚರು, ಗಣೇಶೋತ್ಸವ ಮಂಡಳದ ಹುಡುಗರು, ಸ್ವಸಹಾಯ ಸಂಘದ ತಾಯಂದಿರು ಪಾಳಿ ಹಚ್ಚಿಕೊಂಡರೆ ಯಾರಿಗೂ ಭಾರವಾಗದು. ಕಾವಲು ಎಂದರೆ ಬೈಯುವುದಲ್ಲ. ಚೀಲ ಹಿಡಿದು ಬಂದವರಿಗೆ ಗಾಡಿಯ ಹೊತ್ತು ಹೇಳಿ ವಾಪಸು ಕಳಿಸುವುದು, ಕಣ್ಣು ತಪ್ಪಿಸಿ ಬಿದ್ದ ಚೀಲವನ್ನು ಅರ್ಧ ತಾಸಿನೊಳಗೆ ಎತ್ತಿ ಒಂದು ಡ್ರಮ್ಮಿನಲ್ಲಿ ಮುಚ್ಚಿಡುವುದು. ಮೊದಲ ಚೀಲ ಕಾಣದಿದ್ದರೆ ಎರಡನೆಯದು ಅಪರೂಪ. ಫಲಕ ಬರೆಸುವುದಾದರೆ ಕನ್ನಡ, ಮರಾಠಿ ಎರಡರಲ್ಲೂ ಬರೆಸಿ, ಉರ್ದು ಓದುವವರಿದ್ದರೆ ಅದನ್ನೂ ಸೇರಿಸಿ. "ಕಸ ಹಾಕಬೇಡಿ" ಎನ್ನುವುದಕ್ಕಿಂತ "ಗಾಡಿ ದಿನಾ ಇಷ್ಟು ಗಂಟೆಗೆ ಬರುತ್ತದೆ" ಎಂದು ಬರೆದರೆ ಉಪಯೋಗ.

ಅಂಗಡಿಗಳಿಗೆ ಮುಂಜಾನೆಯ ಗಾಡಿ ಯಾವತ್ತೂ ಹೊಂದುವುದಿಲ್ಲ, ಅವರಿಗೆ ಮಧ್ಯಾಹ್ನ ಅಥವಾ ರಾತ್ರಿಯ ಸುತ್ತು ಬೇಕು. ಹತ್ತು ಅಂಗಡಿಯವರು ಸಹಿ ಮಾಡಿ ಕೇಳಿದರೆ ಆ ಬೇಡಿಕೆಗೆ ತೂಕ ಬರುತ್ತದೆ. ಕೋಳಿ, ಕುರಿ ಮಾಂಸದಂಗಡಿಯ ಕಸ ಮನೆಗಾಡಿಗೆ ಹೋಗಬಾರದು, ಅದನ್ನು ಬೇರೆಯಾಗಿಯೇ ಸಾಗಿಸಬೇಕು. ನಾಯಿಗಳು ಗುಂಪುಗಟ್ಟುವುದು ಹೆಚ್ಚಾಗಿ ಇದರಿಂದಲೇ. ಕಟ್ಟಡದ ಅವಶೇಷವನ್ನೂ ಪೌರಕಾರ್ಮಿಕರ ಮೇಲೆ ಹೊರಿಸಬೇಡಿ, ಮನೆ ಕಟ್ಟಿಸುವವರೇ ಟ್ರ್ಯಾಕ್ಟರ್ ತರಿಸಿ ಪಾಲಿಕೆ ತೋರಿಸಿದ ಜಾಗಕ್ಕೆ ಸಾಗಿಸಬೇಕು.

ಕೆಲವು ಕೆಲಸ ಮಾಡಲೇಬೇಡಿ. ದೇವರ ಚಿತ್ರದ ಟೈಲ್ಸ್ ಹಚ್ಚಿದರೆ ಗುಡ್ಡೆ ಇಪ್ಪತ್ತು ಹೆಜ್ಜೆ ಸರಿಯುತ್ತದೆ ಅಷ್ಟೇ, ಅದರ ಮೇಲೆ ಯಾರಾದರೂ ಉಗುಳಿದರೆ ಗಲಾಟೆ ಬೇರೆ. ಒಗೆಯುವವರ ಫೋಟೋ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ನಮ್ಮ ಊರಿನಲ್ಲಿ ಅಂಥ ಜಗಳ ಎರಡೇ ದಿನದಲ್ಲಿ ಭಾಷೆಯ, ಜಾತಿಯ ಜಗಳವಾಗಬಲ್ಲದು, ಆಮೇಲೆ ಕಸದ ಮಾತು ಯಾರೂ ಆಡುವುದಿಲ್ಲ. ಗುಡ್ಡೆಗೆ ಬೆಂಕಿ ಹಚ್ಚುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಆದೇಶಿಸಿದೆ. ಪ್ಲಾಸ್ಟಿಕ್ ಹೊಗೆ ಮೊದಲು ಹೋಗುವುದು ಪಕ್ಕದ ಮನೆಯ ಕೂಸಿನ ಮೂಗಿಗೆ.

ಇಷ್ಟು ಮಾಡಿದರೂ ಉಳಿಯುವ ಸಮಸ್ಯೆಗೆ ಅರ್ಜಿ. ಜನ ಸಾಮಾನ್ಯವಾಗಿ ಕಸ, ದೀಪ, ಗಟಾರದ ಒಡೆದ ಹಾಸುಗಲ್ಲು ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಬರೆಯುತ್ತಾರೆ, ಅದು ಮೂರು ಶಾಖೆಗಳ ನಡುವೆ ತಿರುಗಿ ಎಲ್ಲೋ ನಿಲ್ಲುತ್ತದೆ. ಮೂರು ಅರ್ಜಿ ಬರೆಯಿರಿ: ಕಸಕ್ಕೆ ಆರೋಗ್ಯ ಶಾಖೆ, ದೀಪಕ್ಕೆ ವಿದ್ಯುತ್ ಶಾಖೆ (ಕಂಬದ ನಂಬರ್ ಸಹಿತ), ಗಟಾರಕ್ಕೆ ಇಂಜಿನಿಯರಿಂಗ್ ಶಾಖೆ. ಕಸದ ಅರ್ಜಿಯಲ್ಲಿ ವಾರ್ಡ್ ನಂಬರ್, ಗುರುತಿನ ಜಾಗ, ಒಂದು ವಾರದ ಫೋಟೋ ದಿನಾಂಕ–ಸಮಯದೊಂದಿಗೆ, ನಿಮ್ಮ ಬೇಡಿಕೆ ಒಂದೇ ಸಾಲಿನಲ್ಲಿ. "ಸ್ವಚ್ಛತೆ ಕಾಪಾಡಿ" ಎಂಬುದು ಬೇಡಿಕೆಯಲ್ಲ, "ಗಾಡಿ 7ರ ಬದಲು 6.30ಕ್ಕೆ ಬರಲಿ" ಎಂಬುದು ಬೇಡಿಕೆ. ಆವಕ-ಜಾವಕದಲ್ಲಿ (ಪತ್ರ ಸ್ವೀಕರಿಸುವ ವಿಭಾಗ) ಕೊಟ್ಟು ನಿಮ್ಮ ಪ್ರತಿಯ ಮೇಲೆ ಮುದ್ರೆ, ನಂಬರ್ ಹಾಕಿಸಿಕೊಳ್ಳಿ. ಕಾಗದ ಬೇಡವೆಂದರೆ ಜನಹಿತ ಆಪ್ ಇದೆ, ರಾಜ್ಯ ಮಟ್ಟದ 1902 ಸಹಾಯವಾಣಿ ಇದೆ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ, ಕೆಲಸವಾಗದೆ "ಮುಕ್ತಾಯ" ಎಂದು ತೋರಿಸಿದರೆ ಅದೇ ದಿನ ಫೋಟೋ ಹಾಕಿ ಮತ್ತೆ ತೆರೆಯಿಸಿ.

ಒಂದು ತಿಂಗಳಾದರೂ ಉತ್ತರವಿಲ್ಲದಿದ್ದರೆ ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ, ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಇದನ್ನು ಮೀರಿ ಬರೆದು ತಿರಸ್ಕೃತವಾಗುವ ಅರ್ಜಿಗಳು ಬಹಳ. "ಯಾಕೆ ಸ್ವಚ್ಛ ಮಾಡಿಲ್ಲ" ಎಂದು ಕೇಳಬೇಡಿ, ಕಾಯಿದೆ ಕೊಡಿಸುವುದು ದಾಖಲೆಯನ್ನು, ವಿವರಣೆಯನ್ನಲ್ಲ. ನಿಮ್ಮ ವಾರ್ಡಿನ ಕಸದ ಗಾಡಿ ಸಾಗುವ ಮಾರ್ಗದ ಪಟ್ಟಿ ಮತ್ತು ಕಳೆದ ಮೂರು ತಿಂಗಳ ಟ್ರಿಪ್ ದಾಖಲೆಯ ಪ್ರತಿ ಕೇಳಿ. ಪೌರಕಾರ್ಮಿಕರ ಸಂಖ್ಯೆ ಬೇಕಿದ್ದರೆ ಅದು ಇನ್ನೊಂದು ಅರ್ಜಿ. ರಾಜ್ಯದ ಮಾನದಂಡ 700 ಜನಕ್ಕೆ ಒಬ್ಬರು, ನಿಮ್ಮಲ್ಲಿ ಅದಕ್ಕಿಂತ ಕಡಿಮೆ ಇದ್ದರೆ ದೂರಬೇಕಾದದ್ದು ಇರುವ ಕಾರ್ಮಿಕರನ್ನಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಇದೆಲ್ಲ ಮಳೆ ಹಿಡಿಯುವ ಮೊದಲೇ, ಏಪ್ರಿಲ್–ಮೇನಲ್ಲಿ ಶುರು ಮಾಡಿ. ಜೂನ್ ಮೇಲೆ ಕೆರೆದ ನೆಲ ಕೆಸರಾಗುತ್ತದೆ, ರಾತ್ರಿ ಕಾವಲಿಗೆ ಯಾರೂ ನಿಲ್ಲುವುದಿಲ್ಲ, ಗುಡ್ಡೆಯಲ್ಲಿನ ಎಳನೀರು ಬುರುಡೆ, ಟೈರು, ಚಹಾ ಕಪ್‌ಗಳಲ್ಲಿ ನೀರು ನಿಂತು ಏಳೆಂಟು ದಿನದಲ್ಲಿ ಡೆಂಗಿ ಸೊಳ್ಳೆ ಏಳುತ್ತದೆ. ಗಣಪತಿ ಹಬ್ಬಕ್ಕೆ ಬೇರೆ ತಯಾರಿ ಬೇಕು: ಪ್ಲಾಸ್ಟಿಕ್ ತಟ್ಟೆ, ಲೋಟ, ಅಲಂಕಾರದ ಥರ್ಮಾಕೋಲ್ 2022ರ ಜುಲೈ 1ರಿಂದ ನಿಷೇಧದಲ್ಲಿವೆ. ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವನ್ನು ಪರವಾನಗಿ ಇಲ್ಲದ ಜಾಗದಲ್ಲಿ ಮಾಡುವಾಗ ಮೂರು ಕೆಲಸದ ದಿನ ಮೊದಲೇ ಪಾಲಿಕೆಗೆ ತಿಳಿಸಬೇಕೆಂದು 2016ರ ನಿಯಮದಲ್ಲೇ ಬರೆದಿದ್ದರು, ತಿಳಿಸಿದರೆ ಹೆಚ್ಚುವರಿ ಗಾಡಿ ಕೇಳಲು ನಿಮಗೂ ಆಧಾರ ಸಿಗುತ್ತದೆ. ಮಹಾಪ್ರಸಾದದ ದಿನ ಹಸಿ ಕಸಕ್ಕೆ ಎರಡು, ತಟ್ಟೆಗಳಿಗೆ ಎರಡು, ನಿರ್ಮಾಲ್ಯಕ್ಕೆ ಒಂದು ಡ್ರಮ್ ಬೇರೆ ಬೇರೆ ಇಟ್ಟು, ಪ್ರತಿಯೊಂದರ ಹತ್ತಿರ ಒಬ್ಬ ಹುಡುಗನನ್ನು ನಿಲ್ಲಿಸಿ.

ನಿಮ್ಮ ಮೂಲೆ ಸ್ವಚ್ಛವಾದ ವಾರದಲ್ಲೇ ಮುಂದಿನ ಗಲ್ಲಿಯ ತುದಿಯನ್ನೂ ನೋಡಿ ಬನ್ನಿ. ಅಲ್ಲಿ ಹೊಸ ಗುಡ್ಡೆ ಕಂಡರೆ ಅದು ನಿಮ್ಮಿಂದ ಹೋದದ್ದೇ ಇರಬಹುದು. ಆ ಗಲ್ಲಿಯ ಪಂಚರ ಹತ್ತಿರ ಹೋಗಿ ನಿಮ್ಮ ಪಾಳಿ ಪಟ್ಟಿ, ಗಾಡಿಯ ಸಮಯ, ಅರ್ಜಿಯ ಪ್ರತಿ ಕೊಡಿ, ಎರಡೂ ಗಲ್ಲಿಯವರು ಸೇರಿ ಕೇಳಿದರೆ ಸಂಜೆಯ ಗಾಡಿ ಸಿಗುವ ಸಾಧ್ಯತೆಯೂ ಹೆಚ್ಚು.