ಪ್ರತಿಕ್ರಿಯೆ: ಇನ್ಸ್‌ಪೆಕ್ಷನ್ ಆದ್ಮ್ಯಾಲೂ ಸಾಲಿ ಶೌಚಾಲಯಕ್ಕ ನೀರಿಲ್ಲ

ಬಿಇಓ (ತಾಲೂಕಿನ ಶಿಕ್ಷಣಾಧಿಕಾರಿ) ಸಾಲಿ ನೋಡಿ ಹೋಗಿ ನಾಕ್ ತಿಂಗಳಾದ್ರೂ ಹೆಣ್ಮಕ್ಕಳ ಶೌಚಾಲಯಕ್ಕ ನೀರ್ ಬಂದಿಲ್ಲ ಅಂದ್ರಲ್ಲ, ಬಹುತೇಕ ಸಾಹೇಬ್ರು ಬರದದ್ದು ವಿಜಿಟ್ ಬುಕ್ಕಿನ್ಯಾಗ ಉಳದಿರ್ತೈತಿ, ಎಸ್‌ಡಿಎಂಸಿ (ಪಾಲಕರು ಇರೋ ಸಾಲಿ ಸಮಿತಿ) ಮೀಟಿಂಗಿಗೆ ಬಂದಿರೂದಿಲ್ಲ. ಮೊದ್ಲ ಸಮಿತಿ ಅಧ್ಯಕ್ಷರನ್ನ ಕರ್ಕೊಂಡು ಹೋಗಿ ಆ ಪುಟದ ಫೋಟೋ ತಗೊಳ್ರಿ. ಆಮ್ಯಾಲ ಮೀಟಿಂಗ್ ಕರಸಿ ಒಂದೊಂದು ಸೂಚನೆಗೂ ಯಾರು ಮಾಡ್ತಾರ, ಯಾವ ತಾರೀಖಿಗೆ ಅಂತ ಠರಾವ್ ಬರಸ್ರಿ, "ಆತು ಬಿಡ್ರಿ ಮಾಡೋಣು" ಅಂದ್ರ ಅದು ಆಗೂದಿಲ್ಲ. ನಲ್ಲಿ-ಪೈಪಿನಂಥ ಸಣ್ಣ ರಿಪೇರಿ ಸಾಲಿ ಅನುದಾನದಾಗ ಆಗಬಹುದು, ರೊಕ್ಕ ಉಳದಿದ್ರ. ಬೋರ್, ಟಾಕಿ ಅಂದ್ರ ಪಂಚಾಯ್ತಿಗೆ, ಹುಬ್ಬಳ್ಳಿ ಊರೊಳಗಾದ್ರ ಪಾಲಿಕೆಗೆ ಠರಾವಿನ ಜೆರಾಕ್ಸ್ ಹಚ್ಚಿ ಅರ್ಜಿ ಕೊಟ್ಟು ಸೀಲ್ ಹಾಕಿಸ್ಕೊಳ್ರಿ. ಹೆಡ್‌ಮಾಸ್ತರ್ ಜೋಡಿ ಜಗಳ ಬ್ಯಾಡ, ಅವರ ಕೈಯಾಗ ರೊಕ್ಕ ಇರೂದ ಕಮ್ಮಿ. ಬುಕ್ ತೋರಸಾಕ ಒಪ್ಪಲಿಲ್ಲಂದ್ರ 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕ್ರಿ, 30 ದಿನದಾಗ ಉತ್ತರ ಕೊಡಬೇಕು.